ಊರಾಚೆಯ ಏಳು ಕೇರಿಗಳು

(ವಿದ್ಯಾರ್ಥಿ ನಿಲಯದ ಅಧ್ಯಯನ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಪಕ್ಕದ ದೇಶದ ಒಂದು ಕಾನೂನಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ‘ನಮ್ಮ ಕೇರಿಗೇ ಇನ್ನೂ ನೆಟ್ಟಗೆ ನೀರು ಬಂದಿಲ್ಲ, ಪಾಕಿಸ್ತಾನದ ಕಾನೂನು ಕಟ್ಟಿಕೊಂಡು ನಮಗೇನಾಗಬೇಕು?’ ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಇಲ್ಲಿಂದ ಹೋಗೋದಿಲ್ಲ. ಮೊದಲು ವಿಷಯ ಕೇಳಿ.

ನಮ್ಮಲ್ಲಿ ಊರು ಬೇರೆ, ಕೇರಿ ಬೇರೆ. ಕಂದಾಯದ ಲೆಕ್ಕದಲ್ಲಿ ಎರಡೂ ಸೇರಿ ಒಂದೇ ಗ್ರಾಮ. ಓಟಿನ ಪಟ್ಟಿಯಲ್ಲೂ ಒಂದೇ ಗ್ರಾಮ. ಆದರೆ ಬಾವಿ ಬೇರೆ, ದಾರಿ ಬೇರೆ, ಮಸಣ ಬೇರೆ, ನ್ಯಾಯವೂ ಬೇರೆ. ದುಡಿಯೋಕೆ ಕೇರಿ ಊರೊಳಗೆ, ಕೂತು ಮಾತಾಡೋಕೆ ಊರಾಚೆಗೆ. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೂ ನಡೆಯುತ್ತದೆ. ಆದರೆ ಒಂದು ದೇಶ ಇಂಥ ಕೇರಿಯನ್ನು ತನ್ನ ಸಂವಿಧಾನದ ಪುಸ್ತಕದಲ್ಲೇ ಬರೆದಿಟ್ಟುಕೊಂಡಿತ್ತು. ಆಫ್ಘಾನಿಸ್ತಾನದ ಗಡಿಗೆ ಹೊಂದಿಕೊಂಡ ಬೆಟ್ಟಗುಡ್ಡದ ಸೀಮೆ. ಬಾಜೌರ್, ಮೊಹ್ಮಂದ್, ಖೈಬರ್, ಒರಕ್ಜೈ, ಕುರ್ರಮ್, ಉತ್ತರ ವಜೀರಿಸ್ತಾನ, ದಕ್ಷಿಣ ವಜೀರಿಸ್ತಾನ. ಏಳು ‘ಏಜೆನ್ಸಿ’ಗಳು. ಒಟ್ಟು ಸೇರಿಸಿ ‘ಕೇಂದ್ರಾಡಳಿತದ ಬುಡಕಟ್ಟು ಪ್ರದೇಶ’, ಚಿಕ್ಕದಾಗಿ ಫಾಟಾ. 2017ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 50 ಲಕ್ಷ ಜನ, ಬಹುಪಾಲು ಪಶ್ತೂನರು. 2018ರ ಮೇ ತಿಂಗಳವರೆಗೆ ಇವರು ಪಾಕಿಸ್ತಾನದ ಪ್ರಜೆಗಳು ಹೌದು, ಆದರೆ ಪಾಕಿಸ್ತಾನದ ಕೋರ್ಟು ಇವರದಲ್ಲ.

ಹೇಗೆ ಅಂತೀರಾ? 1973ರ ಪಾಕಿಸ್ತಾನದ ಸಂವಿಧಾನದಲ್ಲಿ 247ನೇ ವಿಧಿ ಅಂತ ಒಂದಿತ್ತು. ರಾಷ್ಟ್ರಾಧ್ಯಕ್ಷರು ಹೇಳದ ಹೊರತು ಪಾರ್ಲಿಮೆಂಟಿನ ಯಾವ ಕಾಯಿದೆಯೂ ಈ ಪ್ರದೇಶಕ್ಕೆ ಅನ್ವಯಿಸೋದಿಲ್ಲ. ಅಲ್ಲಿಗೆ ಬೇಕಾದ ಕಾನೂನನ್ನು ಅಧ್ಯಕ್ಷರೇ ಮಾಡಬಹುದು. ಸುಪ್ರೀಂ ಕೋರ್ಟಿಗಾಗಲಿ ಹೈಕೋರ್ಟಿಗಾಗಲಿ ಅಲ್ಲಿ ಅಧಿಕಾರವಿಲ್ಲ. ಅದೇ ಸಂವಿಧಾನದ ಮುಂದಿನ ಪುಟಗಳಲ್ಲಿ ಮೂಲಭೂತ ಹಕ್ಕುಗಳಿದ್ದವು, ಚೆಂದವಾಗೇ ಇದ್ದವು. ಆದರೆ ಹಕ್ಕು ತಪ್ಪಿದಾಗ ತಟ್ಟೋಕೆ ಬಾಗಿಲಿರಲಿಲ್ಲ. ಬಾಬಾಸಾಹೇಬರು ನಮ್ಮ ಸಂವಿಧಾನದ 32ನೇ ವಿಧಿಯನ್ನು ಅದರ ಹೃದಯ, ಅದರ ಆತ್ಮ ಅಂತ ಸಂವಿಧಾನ ಸಭೆಯಲ್ಲಿ ಯಾಕೆ ಕರೆದರು ಅನ್ನೋದು ಫಾಟಾ ನೋಡಿದಾಗ ಗೊತ್ತಾಗುತ್ತದೆ. ಹಕ್ಕು ಕೊಟ್ಟು ಬಾಗಿಲು ಮುಚ್ಚಿದರೆ ಅದು ಗೋಡೆಗೆ ಬಿಡಿಸಿದ ಅನ್ನದ ಚಿತ್ರ.

ಇನ್ನೊಂದು ವಿಚಿತ್ರ ಕೇಳಿ. ಫಾಟಾದಿಂದ ರಾಷ್ಟ್ರೀಯ ಸಭೆಗೆ 12 ಜನ, ಸೆನೆಟ್‌ಗೆ 8 ಜನ ಹೋಗ್ತಿದ್ದರು. ಲಾಹೋರಿಗೆ, ಕರಾಚಿಗೆ ಕಾನೂನು ಮಾಡುವಾಗ ಕೈ ಎತ್ತಬಹುದಿತ್ತು. ತಮ್ಮದೇ ಊರಿಗೆ ಕಾನೂನು ಮಾಡೋ ಹಾಗಿರಲಿಲ್ಲ. ಇನ್ನು ಅವರನ್ನು ಆರಿಸುವವರು ಯಾರು? 1997ರ ಚುನಾವಣೆಗೆ ಮೊದಲು ಎಲ್ಲ ವಯಸ್ಕರಿಗೂ ಓಟು ಇರಲಿಲ್ಲ. ಸರ್ಕಾರ ಗುರುತಿಸಿ ಭತ್ಯೆ ಕೊಡುತ್ತಿದ್ದ ‘ಮಲಿಕ’ರಿಗೆ, ಅಂದರೆ ನಮ್ಮ ಭಾಷೆಯಲ್ಲಿ ಗೌಡ-ಪಟೇಲರಿಗೆ, ಮಾತ್ರ ಓಟು. ರಾಜಕೀಯ ಪಕ್ಷಗಳು ಅಲ್ಲಿ ಕಾನೂನಿನ ಪ್ರಕಾರ ಕೆಲಸ ಮಾಡೋಕೆ 2011ರವರೆಗೆ ಕಾಯಬೇಕಾಯಿತು.

ಕೋರ್ಟಿಲ್ಲ, ಹಾಗಾದರೆ ಏನಿತ್ತು? ಎಫ್.ಸಿ.ಆರ್. ಇತ್ತು. ‘ಗಡಿ ಅಪರಾಧಗಳ ನಿಯಂತ್ರಣ ಕಾಯಿದೆ’. ಬ್ರಿಟಿಷರು 1872ರಲ್ಲಿ ತಂದರು, 1887ರಲ್ಲಿ ತಿದ್ದಿದರು, 1901ರಲ್ಲಿ ಕರ್ಜನ್ ಕಾಲದಲ್ಲಿ ಗಟ್ಟಿ ಮಾಡಿದರು. ಅದರ ಪ್ರಕಾರ ಪ್ರತಿ ಏಜೆನ್ಸಿಗೂ ಒಬ್ಬ ‘ಪೊಲಿಟಿಕಲ್ ಏಜೆಂಟ್’. ಹಿಡಿಯೋನೂ ಅವನೇ, ವಿಚಾರಿಸೋನೂ ಅವನೇ, ಶಿಕ್ಷೆ ಕೊಡೋನೂ ಅವನೇ, ದುಡ್ಡು ಹಂಚೋನೂ ಅವನೇ. ತಕರಾರು ಬಂದರೆ ಹಿರಿಯರ ‘ಜಿರ್ಗಾ’ಕ್ಕೆ ಒಪ್ಪಿಸೋದು. ಆ ಹಿರಿಯರನ್ನು ಆರಿಸೋನೂ ಅವನೇ. ಅಪೀಲಿಲ್ಲ, ವಕೀಲನಿಲ್ಲ, ವಾದವಿಲ್ಲ ಅಂತ ಅಲ್ಲಿನ ಜನ ಈ ಕಾನೂನನ್ನು ಮೂರೇ ಮಾತಲ್ಲಿ ವರ್ಣಿಸ್ತಿದ್ದರು.

ಈಗ ಮುಖ್ಯ ಮಾತಿಗೆ ಬರ್ತೇವೆ. ಎಫ್.ಸಿ.ಆರ್.ನ 21ನೇ ಕಲಮು. ಒಂದು ಬುಡಕಟ್ಟು ಸರ್ಕಾರಕ್ಕೆ ವಿರೋಧಿ ಅಂತ ಅಧಿಕಾರಿಗೆ ಕಂಡರೆ ಆ ಬುಡಕಟ್ಟಿನ ಯಾರನ್ನು ಬೇಕಾದರೂ ಹಿಡಿಯಬಹುದು. ತಪ್ಪು ಮಾಡಿದವನನ್ನೇ ಹಿಡೀಬೇಕು ಅಂತಿಲ್ಲ. ಅವರ ದನಕರು, ಆಸ್ತಿ ಜಪ್ತಿ ಮಾಡಬಹುದು. ಅವರು ಹೊರಗೆ ಬರದ ಹಾಗೆ ತಡೆಯಬಹುದು. ಹೊರಗಿನವರು ಅವರ ಜೊತೆ ಯಾವ ಬಗೆಯ ಸಂಪರ್ಕವನ್ನೂ ಇಟ್ಟುಕೊಳ್ಳದ ಹಾಗೆ ಆಜ್ಞೆ ಮಾಡಬಹುದು. ಗೆಳೆಯರೇ, ಇದಕ್ಕೆ ನಮ್ಮೂರುಗಳಲ್ಲಿ ಏನಂತಾರೆ? ಬಹಿಷ್ಕಾರ ಅಂತಾರೆ. ಕೇರಿಯ ಒಬ್ಬ ಹುಡುಗ ಗುಡಿ ಮೆಟ್ಟಿಲು ಹತ್ತಿದ್ದಕ್ಕೆ ಇಡೀ ಕೇರಿಗೆ ಕೂಲಿ ಬಂದ್, ಅಂಗಡಿ ಸಾಮಾನು ಬಂದ್, ಹಿಟ್ಟಿನ ಗಿರಣಿ ಬಂದ್. ಮಾತಾಡಿಸಿದವರಿಗೆ ದಂಡ. ನಮ್ಮೂರಿನವರು ಕಟ್ಟೆ ಮೇಲೆ ಕೂತು ಬಾಯಲ್ಲಿ ಹೇಳಿದ್ದನ್ನು ಕರ್ಜನ್ ಸಾಹೇಬರ ಗುಮಾಸ್ತರು ಮಸಿಯಲ್ಲಿ ಬರೆದರು. ವ್ಯತ್ಯಾಸ ಅಷ್ಟೇ.

ಅದೇ ಕಾನೂನಿನ 40ನೇ ಕಲಮು. ಮುಂದೆ ಶಾಂತಿಗೆ ಭಂಗ ತರಬಹುದು ಅಂತ ಅನುಮಾನ ಬಂದವನಿಂದ ಜಾಮೀನು ಕೇಳೋದು, ಕೊಡದಿದ್ದರೆ ಮೂರು ವರ್ಷದವರೆಗೆ ಜೈಲು. ಇದೇ ಕಲಮಿನಲ್ಲಿ 1921ರಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರನ್ನು ಒಳಗೆ ಹಾಕಿದರು. ಆಗ ಅವರು ಮಾಡ್ತಿದ್ದ ದೊಡ್ಡ ಅಪರಾಧ ಏನು ಗೊತ್ತೇ? ತಮ್ಮ ಊರು ಉತ್ಮಾನ್‌ಜೈನಲ್ಲಿ ಬಡವರ ಮಕ್ಕಳಿಗೆ ಸ್ಕೂಲು ತೆರೆದಿದ್ದು, ಊರೂರು ತಿರುಗಿ ಇನ್ನಷ್ಟು ಸ್ಕೂಲು ತೆರೀರಿ ಅಂದದ್ದು. ಹಾಸ್ಟೆಲಿನಲ್ಲಿ ಕೂತು ಓದುತ್ತಿರೋ ನಾವು ಈ ಒಂದು ಮಾತನ್ನು ಮರೀಬಾರದು. ಇಂಥ ಕಾನೂನಿಗೆ ಬಂದೂಕಿನಷ್ಟೇ ಹೆದರಿಕೆ ಸ್ಲೇಟಿನದೂ ಇತ್ತು. ಹೆದರಿಕೆಯ ಫಲವೂ ಸಿಕ್ಕಿತು: 1998ರ ಜನಗಣತಿಯಲ್ಲಿ ಫಾಟಾದಲ್ಲಿ ಓದು ಬಲ್ಲವರು 100ಕ್ಕೆ ಸುಮಾರು 17, ಹೆಂಗಸರಲ್ಲಿ 100ಕ್ಕೆ 3.

ಈಗ ಮೊದಲು ಕೇಳಿದ ಪ್ರಶ್ನೆಗೆ ಉತ್ತರ. ನಮಗೂ ಇದಕ್ಕೂ ಏನು ಸಂಬಂಧ? ಎಫ್.ಸಿ.ಆರ್. ಹುಟ್ಟಿದ್ದು 1872ರಲ್ಲಿ. ಅದಕ್ಕೆ ಒಂದೇ ವರ್ಷ ಮೊದಲು, 1871ರಲ್ಲಿ, ಅದೇ ಸರ್ಕಾರ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ತಂದಿತ್ತು. ಒಂದು ಜಾತಿಗೆ ಜಾತಿಯೇ ಹುಟ್ಟುಗಳ್ಳರು ಅನ್ನೋ ಕಾನೂನು. ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಊರು ಬಿಡೋಕೆ ಚೀಟಿ ಬೇಕು. ಮೊದಲು ಉತ್ತರದಲ್ಲಿ ಶುರುವಾಗಿ ಆಮೇಲೆ ದಕ್ಷಿಣಕ್ಕೂ ಬಂತು. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ತಂತಿಬೇಲಿ ಹಾಕಿ ಜನರನ್ನು ಕೂಡಿಟ್ಟ ಸೆಟ್ಲಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಆ ಬಡಾವಣೆಗಳಿಗೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಅಣ್ಣ ತಮ್ಮ ಕಾನೂನುಗಳಿವು. ಅಣ್ಣ ನಮ್ಮ ಗಂಟಿಚೋರರ, ಕೊರಚರ ಬೆನ್ನಿಗೆ ಬಿದ್ದ, ತಮ್ಮ ಪಶ್ತೂನರ ಬೆನ್ನಿಗೆ ಬಿದ್ದ. ಹುಟ್ಟೇ ಅಪರಾಧ ಅನ್ನೋ ಬುದ್ಧಿ ಎರಡರದ್ದೂ ಒಂದೇ. ಆ ಬುದ್ಧಿ ಬ್ರಿಟಿಷರದು ಮಾತ್ರ ಅಲ್ಲ, ನಮ್ಮ ಮನುವಿನದೂ ಹೌದು ಅಂತ ಬೇರೆ ಹೇಳಬೇಕಾಗಿಲ್ಲ.

ಅಣ್ಣ ಸತ್ತಿದ್ದು 1952ರ ಆಗಸ್ಟ್ 31ಕ್ಕೆ. ತಮ್ಮ ಸತ್ತಿದ್ದು 2018ರಲ್ಲಿ. ನಡುವೆ 66 ವರ್ಷ. ಯಾಕೆ ಇಷ್ಟು ತಡ?

ಇಲ್ಲಿ ನಮಗೆ ನೋವಾಗುವ ಒಂದು ಸಂಗತಿ ಇದೆ, ಮುಚ್ಚಿಡೋದು ಬೇಡ. ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿ ದಲಿತ, ಬಾಬಾಸಾಹೇಬ್. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯೂ ದಲಿತನೇ, ಬಂಗಾಳದ ನಾಮಶೂದ್ರ ಸಮುದಾಯದ ಜೋಗೇಂದ್ರನಾಥ ಮಂಡಲ್. 1946ರಲ್ಲಿ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಕಳಿಸೋಕೆ ದುಡಿದವರು ಇದೇ ಮಂಡಲ್. 1947ರ ಆಗಸ್ಟ್ 10ಕ್ಕೆ ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಮೊದಲ ಸಲ ಸೇರಿದಾಗ ತಾತ್ಕಾಲಿಕ ಅಧ್ಯಕ್ಷರಾಗಿ ಕೂತವರೂ ಅವರೇ. ಆದರೂ ಎಫ್.ಸಿ.ಆರ್. ಅಲುಗಲಿಲ್ಲ. 1950ರ ಅಕ್ಟೋಬರಿನಲ್ಲಿ ಅವರೇ ರಾಜೀನಾಮೆ ಕೊಟ್ಟು ಕಲ್ಕತ್ತೆಗೆ ಬಂದುಬಿಡಬೇಕಾಯಿತು. ನಮ್ಮವನೊಬ್ಬ ಕುರ್ಚಿ ಮೇಲೆ ಕೂತ ಅಂದಾಕ್ಷಣ ಕಾನೂನು ನಮ್ಮದಾಗೋದಿಲ್ಲ. 1954ರಲ್ಲಿ ನ್ಯಾಯಮೂರ್ತಿ ಕಾರ್ನೀಲಿಯಸ್ ಅನ್ನೋರು ಈ ಕಾಯಿದೆ ಆಧುನಿಕ ನ್ಯಾಯದ ಎಲ್ಲ ತತ್ವಗಳಿಗೂ ಹೇಸಿಗೆ ತರುವಂಥದ್ದು ಅನ್ನೋ ಅರ್ಥದಲ್ಲಿ ತೀರ್ಪಿನಲ್ಲೇ ಬರೆದರು. ಬೆಟ್ಟದ ಏಜೆನ್ಸಿಗಳಲ್ಲಿ ಆಗಲೂ ಅದು ಅಲುಗಲಿಲ್ಲ. ದೊಡ್ಡ ಮಾತು ಪುಸ್ತಕದಲ್ಲಿ, ಪೊಲಿಟಿಕಲ್ ಏಜೆಂಟ್ ಬಂಗಲೆಯಲ್ಲಿ.

ಅಲುಗಿಸಿದ್ದು ಕೆಳಗಿನಿಂದ ಬಂದ ಒತ್ತಡ. 2011ರಲ್ಲಿ ಒಂದಿಷ್ಟು ತಿದ್ದುಪಡಿ ಮಾಡಿದರು: ಹೆಂಗಸರನ್ನು, 16ರೊಳಗಿನ ಮಕ್ಕಳನ್ನು, 65 ದಾಟಿದ ಮುದುಕರನ್ನು ಸಾಮೂಹಿಕ ಶಿಕ್ಷೆಯಲ್ಲಿ ಹಿಡಿಯಬಾರದು ಅಂತ. ಅಂದರೆ ಅಲ್ಲೀವರೆಗೆ ಮಕ್ಕಳನ್ನೂ ಹಿಡಿಯಬಹುದಿತ್ತು ಅನ್ನೋದನ್ನು ಗಮನಿಸಿ. 2014ರ ಜೂನಿನಲ್ಲಿ ಉತ್ತರ ವಜೀರಿಸ್ತಾನದಲ್ಲಿ ಸೇನೆಯ ಕಾರ್ಯಾಚರಣೆ ಶುರುವಾದಾಗ ಸುಮಾರು ಹತ್ತು ಲಕ್ಷ ಜನ ಮನೆಮಠ ಬಿಟ್ಟು ಬೀದಿಗೆ ಬಿದ್ದರು. ಪೇಶಾವರದಲ್ಲಿ, ಇಸ್ಲಾಮಾಬಾದಿನಲ್ಲಿ ಓದುತ್ತಿದ್ದ ಬುಡಕಟ್ಟು ಹುಡುಗರು ‘ಗೋ ಎಫ್.ಸಿ.ಆರ್. ಗೋ’ ಅಂತ ಕೂಗು ಹಾಕಿದರು. ಹೌದು, ಅವರೂ ನಮ್ಮ ಹಾಗೆ ಊರು ಬಿಟ್ಟು ಪಟ್ಟಣಕ್ಕೆ ಓದೋಕೆ ಬಂದ ಹುಡುಗರೇ. 2018ರ ಜನವರಿಯಲ್ಲಿ ವಜೀರಿಸ್ತಾನದ ನಕೀಬುಲ್ಲಾ ಮೆಹ್ಸೂದ್ ಅನ್ನೋ ತರುಣನನ್ನು ಕರಾಚಿಯಲ್ಲಿ ಪೊಲೀಸರು ಉಗ್ರಗಾಮಿ ಅಂತ ಹೇಳಿ ಗುಂಡಿಟ್ಟರು. ಅವನು ಉಗ್ರಗಾಮಿಯಲ್ಲ ಅಂತ ಆಮೇಲೆ ವಿಚಾರಣೆಯಲ್ಲಿ ಬಯಲಾಯಿತು. ಆ ಸಿಟ್ಟಿನಲ್ಲಿ ಮಂಜೂರ್ ಪಶ್ತೀನ್ ಅನ್ನೋ ಇಪ್ಪತ್ತರ ಹರೆಯದ ಯುವಕನ ಮುಂದಾಳ್ತನದಲ್ಲಿ ಪಶ್ತೂನ್ ತಹಫ್ಫುಜ್ ಚಳವಳಿ ರಾಜಧಾನಿಗೆ ನಡೆಯಿತು.

ಇದೆಲ್ಲದರ ಬೆನ್ನಿಗೆ ಬಂದದ್ದೇ ಸಂವಿಧಾನದ 25ನೇ ತಿದ್ದುಪಡಿ. 2018ರ ಮೇ 24ಕ್ಕೆ ರಾಷ್ಟ್ರೀಯ ಸಭೆಯಲ್ಲಿ 229 ಓಟು ಪರ, 1 ವಿರೋಧ. ಮರುದಿನ ಸೆನೆಟ್‌ನಲ್ಲಿ 71 ಪರ, 5 ವಿರೋಧ. ಪ್ರಾಂತದ ಗಡಿ ಬದಲಾಗುವುದರಿಂದ ಖೈಬರ್ ಪಖ್ತೂನ್‌ಖ್ವಾ ವಿಧಾನಸಭೆಯೂ ಮೂರನೇ ಎರಡು ಬಹುಮತದಿಂದ ಒಪ್ಪಬೇಕಿತ್ತು. ಮೇ 27ಕ್ಕೆ ಒಪ್ಪಿತು. ಮೇ 31ಕ್ಕೆ ಅಧ್ಯಕ್ಷರ ರುಜು. ಒಂದನೇ ವಿಧಿಯಲ್ಲಿದ್ದ ಫಾಟಾ ಅನ್ನೋ ಪ್ರತ್ಯೇಕ ಹೆಸರು ಹೋಯಿತು. 247ನೇ ವಿಧಿಯನ್ನು ಪೂರ್ತಿ ಕಿತ್ತು ಹಾಕಿದರು. ಏಳು ಏಜೆನ್ಸಿ ಏಳು ಜಿಲ್ಲೆಗಳಾದವು. ಪ್ರಾಂತದ ವಿಧಾನಸಭೆ 124 ಸ್ಥಾನದಿಂದ 145ಕ್ಕೆ ಏರಿತು. ಕೇರಿಯ ಸುತ್ತ ಕಟ್ಟಿದ್ದ ಗೋಡೆ, ಪುಸ್ತಕದಲ್ಲಿ, ಬಿತ್ತು.

ವಿರೋಧಿಸಿದವರೂ ಇದ್ದರು, ಅವರ ಮಾತನ್ನೂ ಕೇಳಬೇಕು. ಜನರನ್ನೇ ಒಂದು ಸಲ ಓಟು ಹಾಕಿಸಿ ಕೇಳಲಿಲ್ಲ ಅಂದರು. ಅದರಲ್ಲಿ ಸತ್ಯ ಇದೆ, ಕೇಳಲಿಲ್ಲ. ಕೋರ್ಟು ಅಂದರೆ ವರ್ಷಗಟ್ಟಲೆ ಅಲೆದಾಟ, ಜಿರ್ಗಾ ಅಂದರೆ ನಾಲ್ಕು ದಿನದ ನ್ಯಾಯ ಅಂದರು. ಇದರಲ್ಲೂ ಸತ್ಯ ಇದೆ. ಕೋರ್ಟಿನ ಕಂಬ ಸುತ್ತಿ ಸುತ್ತಿ ಸವೆದ ನಮ್ಮ ಅಪ್ಪಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಕೇಳ್ತೇವೆ. ಜಿರ್ಗಾದಲ್ಲಿ ಕೂತವರು ಯಾರು? ಎಲ್ಲ ಗಂಡಸರು, ಎಲ್ಲ ಹಿರಿತಲೆಗಳು. ‘ಕೋರ್ಟು ಕಚೇರಿ ಯಾಕ್ರಪ್ಪ, ಕಟ್ಟೆ ಮೇಲೆ ಕೂತು ಬಗೆಹರಿಸಿಕೊಳ್ಳೋಣ’ ಅಂತ ನಮ್ಮೂರ ಹಿರಿಯರೂ ಹೇಳ್ತಾರೆ. ಆ ಕಟ್ಟೆ ಮೇಲೆ ನಮ್ಮ ಅವ್ವಂದಿರು ಯಾವತ್ತಾದರೂ ಕೂತಿದ್ದಾರಾ? ನಮ್ಮ ಅಪ್ಪಂದಿರು ಕಟ್ಟೆ ಮೇಲಿದ್ದರೋ ಕಟ್ಟೆ ಕೆಳಗೆ ಕೈಕಟ್ಟಿ ನಿಂತಿದ್ದರೋ? ಬೇಗ ಸಿಗೋ ನ್ಯಾಯ ಯಾರಿಗೆ ಸಿಗುತ್ತೆ ಅನ್ನೋದನ್ನು ಮೊದಲು ನೋಡಬೇಕು.

ಕೇರಿಯೊಳಗೂ ಕೇರಿ ಇರುತ್ತದೆ. ದಂಡಿನ ಊರುಗಳಲ್ಲಿ ಕಸ ಗುಡಿಸಿಕೊಂಡು ಬದುಕಿದ ಕ್ರೈಸ್ತರು, ಹಿಂದೂಗಳು ಫಾಟಾದಲ್ಲೂ ತಲೆಮಾರುಗಳಿಂದ ಇದ್ದರು. ಅವರು ಬುಡಕಟ್ಟಿನವರಲ್ಲ ಅಂತ ಬಹಳ ಕಾಲ ಡೊಮಿಸೈಲ್ ಪತ್ರವೇ ಸಿಗಲಿಲ್ಲ. ಪತ್ರ ಇಲ್ಲ ಅಂದರೆ ಕಾಲೇಜಿಲ್ಲ, ನೌಕರಿಯಿಲ್ಲ. ಬುಡಕಟ್ಟಿನವನಾಗಿದ್ದರೆ ಹುಟ್ಟಿದ್ದಕ್ಕೆ ಶಿಕ್ಷೆ, ಬುಡಕಟ್ಟಿನವನಲ್ಲದಿದ್ದರೆ ಹುಟ್ಟಿದ್ದೇ ಲೆಕ್ಕಕ್ಕಿಲ್ಲ. 2019ರ ಜುಲೈ 20ಕ್ಕೆ ಈ ಜಿಲ್ಲೆಗಳಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ 16 ಸಾಮಾನ್ಯ ಸ್ಥಾನಗಳ ಚುನಾವಣೆ ನಡೆಯಿತು. ಅದರ ಜೊತೆಗೆ ಹೆಂಗಸರಿಗೆ 4, ಅಲ್ಪಸಂಖ್ಯಾತರಿಗೆ 1 ಮೀಸಲು ಸ್ಥಾನ. ಆ ಒಂದರಲ್ಲಿ ಕ್ರೈಸ್ತ ಸಮುದಾಯದ ವಿಲ್ಸನ್ ವಜೀರ್ ಸಭೆಗೆ ಹೋದರು. ಹೆಂಗಸರ ಮಾತು ಬಂತು, ಬಾಜೌರಿನ ಬಾದಾಮ್ ಜರಿ ಅನ್ನೋ ಗೃಹಿಣಿಯನ್ನೂ ನೆನೆಯಬೇಕು. 2013ರಲ್ಲಿ ಫಾಟಾದಿಂದ ರಾಷ್ಟ್ರೀಯ ಸಭೆಗೆ ಸ್ಪರ್ಧಿಸಿದ ಮೊದಲ ಹೆಣ್ಣುಮಗಳು ಆಕೆ. ಗೆಲ್ಲಲಿಲ್ಲ. ಆದರೆ ಗೋಡೆ ಇನ್ನೂ ನಿಂತಿದ್ದಾಗಲೇ ಹೊಸ್ತಿಲು ದಾಟಿದವಳು.

ಗೋಡೆ ಬಿದ್ದ ಮೇಲೆ ಏನಾಯಿತು? ಹಬ್ಬ ಮುಗಿಯೋ ಮೊದಲೇ ಮೋಸ ಶುರುವಾಯಿತು. ಎಫ್.ಸಿ.ಆರ್. ಹೋದ ಜಾಗಕ್ಕೆ ಅದೇ ಮೇ ತಿಂಗಳಲ್ಲಿ ‘ಮಧ್ಯಂತರ ಆಡಳಿತ ನಿಯಮ’ ಅಂತ ಒಂದನ್ನು ತಂದರು. ಹೆಸರು ಹೊಸದು, ಹೂರಣ ಹಳೆಯದು. ಪೇಶಾವರ ಹೈಕೋರ್ಟು ಅದನ್ನು ರದ್ದು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಇಲ್ಲೊಂದು ಸ್ವಾರಸ್ಯ ನೋಡಿ: ಒಂದು ವರ್ಷ ಹಿಂದೆ ಇದೇ ಕೋರ್ಟುಗಳು ಈ ವಿಷಯದಲ್ಲಿ ಬಾಯಿ ಬಿಡೋ ಹಾಗಿರಲಿಲ್ಲ. 247ನೇ ವಿಧಿ ಹೋಗಿದ್ದಕ್ಕೇ ಬಾಯಿ ಬಂತು. ತಿದ್ದುಪಡಿ ಬರೀ ಕಾಗದ ಅನ್ನೋರಿಗೆ ಇದು ಉತ್ತರ.

ಆದರೆ ತಿದ್ದುಪಡಿಯೇ ಎಲ್ಲ ಅನ್ನೋರಿಗೂ ಉತ್ತರ ಇದೆ. ಪೊಲಿಟಿಕಲ್ ಏಜೆಂಟ್ ಹೋಗಿ ಡೆಪ್ಯುಟಿ ಕಮಿಷನರ್ ಬಂದ, ಕುರ್ಚಿ ಅದೇ. 2019ರಲ್ಲಿ ಜಡ್ಜುಗಳು ಬಂದರು, ಆದರೆ ಮೊದಮೊದಲು ಕೆಲವು ಜಿಲ್ಲೆಗಳ ಕೋರ್ಟು ಪಕ್ಕದ ಜಿಲ್ಲೆಯ ಪಟ್ಟಣದಲ್ಲಿ ನಡೆಯಿತು. ಹಳೆಯ ಬುಡಕಟ್ಟು ಕಾವಲುಪಡೆಯ ಸುಮಾರು 28 ಸಾವಿರ ಜನರನ್ನು ಪೊಲೀಸರು ಅಂತ ಕರೆದರು. ಹಂಚಿಕೆಯಾಗುವ ರಾಷ್ಟ್ರದ ವರಮಾನದಲ್ಲಿ ನೂರಕ್ಕೆ 3 ಪಾಲು ಕೊಡ್ತೇವೆ ಅಂತ ಹೇಳಿದ್ದರು, ಬೇರೆ ಪ್ರಾಂತಗಳು ತಮ್ಮ ತಟ್ಟೆಯಿಂದ ತೆಗೆದು ಕೊಡೋಕೆ ಒಪ್ಪಲಿಲ್ಲ. ಸೇನೆ ಜನರನ್ನು ಕೂಡಿಹಾಕಿ ವಿಚಾರಿಸೋ ಅಧಿಕಾರವನ್ನು 2019ರ ಆಗಸ್ಟಿನಲ್ಲಿ ಸುಗ್ರೀವಾಜ್ಞೆ ಮಾಡಿ ಇಡೀ ಪ್ರಾಂತಕ್ಕೇ ಹಬ್ಬಿಸಿದರು. ಕೇರಿಯನ್ನು ಊರಿಗೆ ಸೇರಿಸ್ತೇವೆ ಅಂದವರು ಊರಿಗೇ ಕೇರಿಯ ಕಾನೂನು ತಂದರು. ಹೈಕೋರ್ಟು ಅದನ್ನು ಹೊಡೆದು ಹಾಕಿದಾಗ ಸುಪ್ರೀಂ ಕೋರ್ಟು ಆ ತೀರ್ಪಿಗೇ ತಡೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಪಶ್ತೂನ್ ತಹಫ್ಫುಜ್ ಚಳವಳಿಯನ್ನೇ ನಿಷೇಧ ಮಾಡಿದರು. ಅದೇ ತಿಂಗಳು ಕುರ್ರಮ್ ಜಿಲ್ಲೆಯ ಪರಾಚಿನಾರ್ ರಸ್ತೆ ಗಲಭೆಯಿಂದ ಮುಚ್ಚಿ, ತಿಂಗಳುಗಟ್ಟಲೆ ಜನಕ್ಕೆ ಔಷಧಿ, ದಿನಸಿ ಇಲ್ಲದ ಹಾಗಾಯಿತು. 2025ರಲ್ಲಿ ಕೇಂದ್ರ ಸರ್ಕಾರ ಜಿರ್ಗಾವನ್ನು ಮತ್ತೆ ತರೋ ಬಗ್ಗೆ ಸಮಿತಿ ಮಾಡಿತು. ಹಿರಿಯರು ಮತ್ತೆ ಕಟ್ಟೆ ಗುಡಿಸಿ ಚಾಪೆ ಹಾಸ್ತಿದ್ದಾರೆ ಅನ್ನಿ.

ಪಕ್ಕದ ದೇಶದ ಹುಳುಕು ಹೇಳಿ ಚಪ್ಪಾಳೆ ಗಿಟ್ಟಿಸೋಕೆ ನಾವು ಬಂದಿಲ್ಲ. ನಮ್ಮ ಮನೆ ಹೇಗಿದೆ? ಅಪರಾಧಿ ಬುಡಕಟ್ಟು ಕಾಯಿದೆ 1952ರಲ್ಲಿ ಹೋಯಿತು, ‘ರೂಢಿಗತ ಅಪರಾಧಿ’ ಅನ್ನೋ ಹೆಸರಲ್ಲಿ ರಾಜ್ಯ ರಾಜ್ಯದಲ್ಲೂ ಇನ್ನೊಂದು ಬಂತು. ನಮ್ಮ ಕರ್ನಾಟಕದಲ್ಲಿ 1961ರಲ್ಲಿ ಬಂತು. ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕಸ ಗುಡಿಸೋ ಕೆಲಸ ಹಂಚುವ, ಅಲೆಮಾರಿಗಳನ್ನು ಹುಟ್ಟುಗಳ್ಳರ ಹಾಗೆ ನೋಡುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂತ ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ಕ್ಕೆ. ಅಲ್ಲೀವರೆಗೆ 17ನೇ ವಿಧಿ ಜೈಲಿನ ಗೇಟಿನ ಹೊರಗೆ ಕಾಯುತ್ತಿತ್ತು. ಈಶಾನ್ಯದ ಬೆಟ್ಟಗಳಲ್ಲಿ 1958ರ ಸಶಸ್ತ್ರಪಡೆಗಳ ಕಾಯಿದೆ ಏನು ಮಾಡಿತು ಅಂತ ಅಲ್ಲಿನ ತಾಯಂದಿರನ್ನು ಕೇಳಿ. ಪ್ರತಿ ದೇಶದಲ್ಲೂ ಸಂವಿಧಾನ ಹೋಗಿ ನಿಂತುಬಿಡುವ ಒಂದು ಗಡಿ ಇದೆ. ಗಡಿಯಾಚೆ ಇರೋರು ಯಾರು ಅಂತ ನೋಡಿದರೆ ಆ ದೇಶ ಯಾರದು ಅಂತ ತಿಳಿಯುತ್ತದೆ.

ಗೆಳೆಯರೇ, ನಮ್ಮ ಹಾಸ್ಟೆಲುಗಳಲ್ಲಿ ಎರಡು ಬಗೆಯ ಮಾತು ಕೇಳ್ತೇವೆ. ಒಂದು, ‘ಸಂವಿಧಾನದಿಂದ ಏನಾಗಿದೆ? ಎಲ್ಲ ಸುಳ್ಳು’. ಇನ್ನೊಂದು, ಪುಸ್ತಕಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಸೆಲ್ಫಿ ತೆಗೆದು ಮಲಗೋದು. ಎರಡೂ ನಮ್ಮನ್ನು ಮುಳುಗಿಸೋ ಮಾತುಗಳೇ. ಆ 50 ಲಕ್ಷ ಜನಕ್ಕೆ 71 ವರ್ಷ ಕೋರ್ಟಿನ ಬಾಗಿಲೇ ಇರಲಿಲ್ಲ. ಬಾಗಿಲಿಗಾಗಿ ಹುಡುಗರು ಬೀದಿಗೆ ಬಂದರು. ಬಾಗಿಲು ಸಿಕ್ಕಿತು, ಆದರೆ ಬಾಗಿಲಿಂದ ಮನೆಯೊಳಕ್ಕೆ ಇನ್ನೂ ನಡೀತಾನೇ ಇದ್ದಾರೆ. ನಮಗೆ ಬಾಬಾಸಾಹೇಬರು ಬಾಗಿಲನ್ನು 1950ರಲ್ಲೇ ಇಟ್ಟುಹೋಗಿದ್ದಾರೆ. ಒಳಕ್ಕೆ ನಡೆಯೋ ಕೆಲಸ ನಮ್ಮದು.

ನಡೆಯೋದು ಅಂದರೆ ಹೇಗೆ? ದೊಡ್ಡ ಮಾತೇನಿಲ್ಲ. ಈ ಸಲ ರಜಕ್ಕೆ ಊರಿಗೆ ಹೋದಾಗ ನಿಮ್ಮ ಕೇರಿಯ ಯಾವುದಾದರೂ ತಕರಾರು ಕಟ್ಟೆ ಮೇಲೆ ಹೋಗುತ್ತಿದ್ದರೆ, ದಂಡ ಹಾಕಿ ಕಾಲು ಹಿಡಿಸೋಕೆ ಹೊರಟಿದ್ದರೆ, ಎದ್ದು ನಿಂತು ಒಂದು ಅರ್ಜಿ ಬರೆಯಿರಿ. ಅಪ್ಪನ ಹೆಬ್ಬೆಟ್ಟು, ಅವ್ವನ ಹೆಬ್ಬೆಟ್ಟು ಒತ್ತಿಸಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಒಟ್ಟಿಗೆ ಠಾಣೆಗೆ ಹೋಗಿ. ದೂರು ದಾಖಲಾದ ಪ್ರತಿ ಕೇಳಿ. ಕೊಡೋಲ್ಲ ಅಂದರೆ ಎಸ್.ಪಿ.ಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಕೋರ್ಟಿಗೆ ಹೋಗಿ. ‘ಒಬ್ಬ ಮಾಡಿದ್ದಕ್ಕೆ ಇಡೀ ಕೇರಿಗೆ ಶಿಕ್ಷೆ’ ಅನ್ನೋ ಮಾತು ಯಾರ ಬಾಯಲ್ಲಿ ಬಂದರೂ, ನಮ್ಮವರ ಬಾಯಲ್ಲೇ ಇನ್ನೊಂದು ಜಾತಿಯ ಬಗ್ಗೆ, ಇನ್ನೊಂದು ಧರ್ಮದ ಬಗ್ಗೆ ಬಂದರೂ, ಅಲ್ಲೇ ತಡೆಯಿರಿ. ಅದು ಕರ್ಜನ್‌ನ ಮಾತು, ಮನುವಿನ ಮಾತು. ನಮ್ಮದಲ್ಲ.

ಜೈಭೀಮ್.